ಶೀಟಿನ ಮನೆಯ ಬಾಣಂತನ

ನಾಗಲಮಡಿಕೆ
24 ಏಪ್ರಿಲ್ 2024, ಬುಧವಾರ

ಪ್ರೀತಿಯ ಭೀಮರಾಜು ಅವರಿಗೆ (ಗಂಡನ ಹೆಸರು ಬರೆದೆನೆಂದು ಅತ್ತೆಗೆ ಚಾಡಿ ಹೇಳಬೇಡಿ),

ಹೇಗಿದ್ದೀರಿ? ಬೋರ್ ಕೊರೆಯುವ ಲಾರಿಯ ಧೂಳಿಗೆ ಕೆಮ್ಮು ಶುರುವಾಗಿತ್ತಲ್ಲ, ಕಡಿಮೆಯಾಯಿತೇ? ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮೊಬೈಲ್ ಬೆಳಕು ಬಾಣಂತಿಯ ಕಣ್ಣಿಗೆ ಆಗುವುದಿಲ್ಲವೆಂದು ಅತ್ತೆ ನನ್ನ ಫೋನನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾರೆ. ಅದಕ್ಕೇ ಈ ಕಾಗದ. ಆಶಾ ಕಾರ್ಯಕರ್ತೆ ಜಗದಾಂಬ ಇದರ ಫೋಟೊ ತೆಗೆದು ನಿಮಗೆ ಕಳಿಸುತ್ತಾರೆ. ನೀವು ಫೋನ್ ಮಾಡಿದಾಗಲೆಲ್ಲ, "ಚೆನ್ನಾಗವ್ಳೆ ಕಣ್ಲಾ" ಎಂದು ಅತ್ತೆಯೇ ಉತ್ತರ ಕೊಟ್ಟುಬಿಡುತ್ತಾರೆ. ನಾನೂ ಇಲ್ಲಿದ್ದೇನೆ ಎಂದು ಒಳಗಿನಿಂದ ಕೂಗಬೇಕೆನಿಸುತ್ತದೆ.

ಮಗಳದು ನಿಮ್ಮದೇ ಮೂಗು, ಪಾಪ. ಹುಟ್ಟಿ ಹತ್ತೊಂಬತ್ತು ದಿನವಾಯಿತು. ಕಿಟಕಿ ಮುಚ್ಚಿದೆ. ಮಂಚದ ಕೆಳಗೆ ಕೆಂಡ, ನನ್ನ ಕಿವಿಗೆ ಹತ್ತಿ, ಕೂಸಿಗೆ ಉಲ್ಲನ್ ಟೋಪಿ. ತಲೆಯ ಮೇಲೆ ಕಾದ ಶೀಟು. ನೀರು ಕೇಳಿದರೆ, "ನೀಳ್ಳು ವದ್ದು ಅಮ್ಮಾಯಿ, ನೀರು ಕುಡಿದ್ರೆ ಹೊಟ್ಟೆ ಬರ್ತೈತೆ" ಎಂದು ಒಂದು ಲೋಟ ಬಿಸಿನೀರಿನಲ್ಲೇ ದಿನ ತಳ್ಳಿಸುತ್ತಾರೆ. ನಿಮ್ಮಮ್ಮ ಕೆಟ್ಟವರಲ್ಲ. ತಾವು ಉಣ್ಣುವ ಮೊದಲು ನನಗೆ ಬೆಳ್ಳುಳ್ಳಿ ಸಾರು ಬಡಿಸುತ್ತಾರೆ. ಅವರು ನಿಮ್ಮನ್ನು ಹೆತ್ತಾಗ ಇದು ಮಣ್ಣಿನ ಮಾಳಿಗೆ, ಒಳಗೆ ತಂಪಿತ್ತು. ಇಂಥ ಬಿಸಿಲನ್ನು ಅವರೇ ಕಂಡಿಲ್ಲವಂತೆ, ಆದರೂ ಕೆಂಡ ತೆಗೆಯಲೊಲ್ಲರು. "ಬಿಸಿಲೇ ಬದಲಾಗೋಯ್ತು ಕಣಮ್ಮ, ಬಾಣಂತನ ಬದಲಾಗ್ಬಾರ್ದಾ?" ಎಂದು ಜಗದಾಂಬ ಕೇಳಿದ್ದಕ್ಕೆ ಮುಖ ತಿರುಗಿಸಿದರು. ನಮ್ಮ ಬೀದಿಯ ಮೂವರು ಬಾಣಂತಿಯರದೂ ಇದೇ ಪಾಡು. ಗೋಡೆಯಾಚೆ ಚಿಕ್ಕಹನುಮಕ್ಕನ ಮೊಮ್ಮಗು ಮೊನ್ನೆಯವರೆಗೂ ಅಳುತ್ತಿತ್ತು, ಈಗ ಆಸ್ಪತ್ರೆಯಲ್ಲಿದೆ. ಆ ಅಳುವೇ ನನಗೆ ಜೊತೆಯಾಗಿತ್ತು. ಈಗ ಅದೂ ಇಲ್ಲ, ತುಂಬಾ ಒಂಟಿ ಅನಿಸುತ್ತಿದೆ.

ಅತ್ತೆಯ ಆಶೀರ್ವಾದ, ಮಗಳ ಮುತ್ತು. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ವೇದಾವತಿ

ತಾ.ಕ.: ಜಗದಾಂಬ ಬಂದು ಕೂಸನ್ನು ಮುಟ್ಟಿದವರೇ ಟೋಪಿ ಕಿತ್ತೆಸೆದರು. ಮೈ ಸುಡುತ್ತಿದೆ. ಬೆಳಗಿನಿಂದ ಬಟ್ಟೆ ಒದ್ದೆ ಮಾಡಿಲ್ಲ, ಮೊಲೆ ಹಿಡಿಯುತ್ತಿಲ್ಲ. ನಿದ್ದೆಯೆಂದುಕೊಂಡಿದ್ದೆ ನಾನು. ಆಟೊ ಬಾಗಿಲಲ್ಲಿದೆ. "ಹಸಿ ಬಾಣಂತಿ, ಗಾಳಿ ಸೋಕ್ತದೆ. ನನ್ ಮಗ ಹೇಳ್ಲಿ, ಬುಡ್ತೀನಿ" ಎಂದು ಅತ್ತೆ ಹೊಸಿಲಿಗೆ ಅಡ್ಡ ಕೂತು ಅಳುತ್ತಿದ್ದಾರೆ. ನಿಮಗೆ ಮೂರು ಸಲ ಫೋನ್ ಮಾಡಿಸಿದೆ, ಸಿಗಲಿಲ್ಲ. ಇನ್ನು ಕಾಯುವುದಿಲ್ಲ, ಅವರನ್ನು ದಾಟಿಯೇ ಹೋಗುತ್ತೇನೆ. ಸಿಗ್ನಲ್ ಸಿಕ್ಕ ಕೂಡಲೇ ಮೊದಲು ಅತ್ತೆಗೆ ಫೋನ್ ಮಾಡಿ. ಮನೆಯಲ್ಲಿ ಅವರೊಬ್ಬರೇ ಇರುತ್ತಾರೆ.