ತೇತಾ ಅವರ ಪಾಲಿನ ಒಂದು ಹಿಡಿ ಉಪ್ಪು

ಪ್ರಿಯ ಅಜ್ಜಿ, ನನ್ನ ತೇತಾ,

ಪಕ್ಕದ ಮನೆಯ ಇನ್ಶಿರಾಹ್ ನಾವು ಜೀವಂತ ಹವಳ ಸಾಕಿರುವ ಗಾಜಿನ ತೊಟ್ಟಿಯನ್ನು ಹೊಗಳಿದರೆಂದು, ದೃಷ್ಟಿ ತೆಗೆಯಲು ನೀವು ನಿನ್ನೆ ಅಡುಗೆಯ ಉಪ್ಪನ್ನು ನೀರಿಗೇ ಎರಚಿದ್ದೀರಿ. ಹವಳಗಳು ಮುದುಡಿವೆ, ಇನ್ನೊಮ್ಮೆ ಹೀಗಾದರೆ ಉಳಿಯಲಾರವು. "ಅವಳ ಕಣ್ಣಿಗೆ ಕಡ್ಡಿ ಬೀಳಲಿ, ಅಂಥ ದೃಷ್ಟಿಗೆ ಕಲ್ಲೂ ಸೀಳುತ್ತೆ ಕಣೇ" ಎಂಬ ನಿಮ್ಮ ಸಿದ್ಧಾಂತವನ್ನು ನಾನು ಇನ್ನೂ ಪರೀಕ್ಷಿಸಿಲ್ಲ.

ಹವಳಕ್ಕೆಂದೇ ತಯಾರಾದ ಉಪ್ಪನ್ನು ಆರಿಸಿ ತಂದು, ತೊಟ್ಟಿಯ ನೀರು ಬದಲಿಸಲು ನೀಲಿ ಬಕೆಟ್ಟಿನಲ್ಲಿ ಉಪ್ಪುನೀರು ಕಲಸಿಟ್ಟಿದ್ದೇನೆ. ಅಡುಗೆಮನೆಯಲ್ಲಿ ನೀವು ಹೊಸದಾಗಿ ಒಡೆದ ಉಪ್ಪಿನ ಪೊಟ್ಟಣವನ್ನು ತೂಗಿ, ಎಷ್ಟು ಕಡಿಮೆಯಾಗಿದೆ ಎಂದು ನೋಡಿದಾಗ ನಿಮ್ಮ ಹಿಡಿ ಮೂವತ್ತೊಂದು ಗ್ರಾಂ ಎಂದು ತಿಳಿಯಿತು. ಅಷ್ಟೇ ಹವಳದುಪ್ಪನ್ನು ಬಕೆಟ್ಟಿಗೆ ಬೇಕೆಂದೇ ಕಡಿಮೆ ಹಾಕಿ, ಪಕ್ಕದ ಬಟ್ಟಲಿನಲ್ಲಿ ಇರಿಸಿದ್ದೇನೆ. ಬಿಸ್ಮಿಲ್ಲಾ ಎಂದು ಅದನ್ನು ಬಕೆಟ್ಟಿಗೆ ಎರಚಿ, ತೊಟ್ಟಿಗಲ್ಲ. ನೀವು ಎರಚದೆ ನನ್ನ ಲೆಕ್ಕ ಸರಿಹೋಗುವುದಿಲ್ಲ.

ನಿಮ್ಮ ಮೊಮ್ಮಗಳು,
ರನೀಮ್