ರಾಣಿ ಬೆನ್ನು ತಿರುಗಿಸಿ ನಿಂತಾಗ

ಮಾರ್ಚ್ 4, ಸೋಮವಾರ

ಬೆಳಿಗ್ಗೆ ರಾಣಿಯ ಸೀರಿಯಲ್ಲಿನ ಎರಡು ಎಪಿಸೋಡ್ ಡಬ್ಬಿಂಗ್. ಗಂಟಲು ಕೈಕೊಡಲಿಲ್ಲ, ಪುಣ್ಯ. ಇವತ್ತು ರಾಣಿ ಪ್ರಧಾನಿಯನ್ನು ತರಾಟೆಗೆ ತೆಗೆದುಕೊಂಡಳು — ಅದೂ ಅರಮನೆಯ ಲಿಫ್ಟಿನಲ್ಲಿ! ತಲೆಯ ಮೇಲೆ ಕಿರೀಟವಿಲ್ಲ, ಕೈಯಲ್ಲಿ ಮೊಬೈಲು. ಈ ಕಾಲದ ರಾಣಿಯ ಪಾಡೇ ಹೀಗೆ. ಸಹಿ ಅವಳದ್ದು, ಅಧಿಕಾರ ಬೇರೆಯವರದ್ದು. ನಟಿ ಯಾವುದೋ ಹೊರದೇಶದವಳು. ನಮ್ಮ ಭಾಷೆಯಲ್ಲಿ ದನಿ ನನ್ನದು.

ಇಷ್ಟು ವರ್ಷ ಯಾರ ದನಿಯಾಗಿದ್ದೆ? ನರ್ಸು, ಪಕ್ಕದ ಮನೆಯಾಕೆ, ಗುಂಪಿನಲ್ಲಿ "ಅಯ್ಯೋ ಪಾಪ" ಅನ್ನುವವಳು. ಈ ವಯಸ್ಸಿಗೆ ಸಿಂಹಾಸನ ಸಿಕ್ಕಿದೆ. ಬಿಟ್ಟುಕೊಡುವ ಮಾತೇ ಇಲ್ಲ.

ಸಂಜೆ ಅತ್ತೆ ಎಂದಿನಂತೆ ಟಿವಿ ಮುಂದೆ. ಹೊಗಳಿಕೆ? ಅವರ ಬಾಯಲ್ಲೇ? "ರಾಣಿ ಸ್ವಲ್ಪ ಬಾಯಿ ಜೋರು," ಅಂದರು, ನನ್ನನ್ನೇ ನೋಡಿಕೊಂಡು.

ಮಾರ್ಚ್ 7

ಎಡವಟ್ಟಾಯಿತು.

ಯುವರಾಜ ಪಟ್ಟವೇ ಬೇಡವೆಂದು ಬ್ಯಾಗು ಹೆಗಲಿಗೇರಿಸಿ ಹೊರಡುವ ದೃಶ್ಯ. ರಾಣಿ ಕಿಟಕಿಯತ್ತ ತಿರುಗಿ ನಿಂತಿದ್ದಾಳೆ, ನಮಗೆ ಕಾಣುವುದು ಬೆನ್ನು ಮಾತ್ರ. ಸ್ಕ್ರಿಪ್ಟಿನಲ್ಲಿ ಅವಳಿಗೆ ಮಾತಿಲ್ಲ. ಹುಡುಗ ಬಾಗಿಲಿಗೆ ಕೈ ಹಾಕಿದ. ನನ್ನ ಬಾಯಿಂದ ಜಾರಿಯೇ ಹೋಯಿತು — "ಊಟ ಮಾಡ್ಕೊಂಡಾದ್ರೂ ಹೋಗೋ."

ನಮ್ಮ ಕಸುಬಿನಲ್ಲಿ ತುಟಿ ಕಾಣುವಾಗಷ್ಟೇ ಮಾತು ಅದಕ್ಕೆ ಹೊಂದಬೇಕೆಂಬ ಬಿಗಿ. ಬೆನ್ನು ತಿರುಗಿಸಿದರೆ ಒಂದು ಮಾತು ಸೇರಿಸಿದರೂ ಯಾರಿಗೂ ತಿಳಿಯುವುದಿಲ್ಲ. ಸೌಂಡ್ ಎಂಜಿನಿಯರ್ — ನಾವೆಲ್ಲ ಅವನನ್ನು ಕರೆಯುವುದೇ ಹೆಡ್‌ಫೋನ್ ಎಂದು — ಸ್ಕ್ರಿಪ್ಟಿನಲ್ಲಿ ಇದೆ ಅಂದುಕೊಂಡು ಓಕೆ ಮಾಡಿಬಿಟ್ಟ. ನಿರ್ದೇಶಕರು ಫೋನಿನಲ್ಲಿ ಮುಳುಗಿದ್ದರು. ನಾನು ಸ್ಕ್ರಿಪ್ಟಿನ ಮುಂದಿನ ಪುಟ ತಿರುವಿದೆ. ಹೇಳಬಹುದಿತ್ತು...

ಮಾರ್ಚ್ 15, ಸಂಜೆ

ಆ ಎಪಿಸೋಡ್ ಬಂತು. ಮಾತು ಹಾಗೇ ಇದೆ. ಅತ್ತೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. "ಎಂಥಾ ಸೆಕೆ," ಅಂದರು. ಕಿಟಕಿಯಿಂದ ತಣ್ಣಗೆ ಗಾಳಿ ಬೀಸುತ್ತಿತ್ತು.

ಮಾರ್ಚ್ 16

ಚಾನೆಲ್ಲಿನ ಪೇಜಿನಲ್ಲಿ ಜಾತ್ರೆ! ಹೆಡ್‌ಫೋನ್ ಜನರ ಕಾಮೆಂಟು ಒಂದೊಂದೇ ಕಳಿಸುತ್ತಿದ್ದಾನೆ.

"ಅರಮನೇಲಿದ್ರೂ ಅಮ್ಮ ಅಮ್ಮನೇ."

"ರಾಜ-ರಾಣಿ ಎಲ್ಲ ದಂಡ ಅನ್ನೋನು ನಾನು. ಈ ರಾಣಿ ಎಲೆಕ್ಷನ್ನಿಗೆ ನಿಂತ್ರೆ ನನ್ನ ವೋಟು ಇವಳಿಗೇ."

"ಊಟ ಮಾಡಿದ್ನೋ ಇಲ್ವೋ? ಅದನ್ನ ತೋರ್ಸಿ ಮೊದ್ಲು."

ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಇಳಿಯುತ್ತಿದ್ದಳು. ಹಿಂದಿನಿಂದ ಗೆಳತಿಯರೆಲ್ಲ ಒಟ್ಟಿಗೆ — "ಊಟ ಮಾಡ್ಕೊಂಡಾದ್ರೂ ಹೋಗೇ!" ನಾನು ಕಂಬಿ ಹಿಡಿದು ಒಬ್ಬಳೇ ನಕ್ಕೆ. ಪಕ್ಕದವರು ಸ್ವಲ್ಪ ಸರಿದು ನಿಂತರು.

ಮಾರ್ಚ್ 19

ಚಾನೆಲ್ ಮ್ಯಾಡಂ ಕರೆಸಿದರು. ಹೊಗಳುತ್ತಾರೆ ಅಂದುಕೊಂಡು ಹೊಸ ಚಪ್ಪಲಿ ಬೇರೆ ಹಾಕಿಕೊಂಡು ಹೋದೆ.

"ಒಂದು ಮಾತೂ ಸೇರಿಸಬಾರ್ದು ಅಂತ ಒಪ್ಪಂದ ಇದೆ. ಸೀರಿಯಲ್ ಮಾಡಿದ ಕಂಪನಿಯವ್ರು ಸಿಟ್ಟಾಗಿದಾರೆ. ಅವ್ರ ರಾಣಿ ಹಾಗೆಲ್ಲ ಮಾತಾಡೋಳಲ್ವಂತೆ."

"ಮಗ ಮನೆ ಬಿಟ್ಟು ಹೋಗ್ತಿದ್ರೂನಾ ಮ್ಯಾಡಂ?"

ಅವರು ತೀರ್ಪು ಓದಿದರು. ಇನ್ನು ರಾಣಿಗೆ ಒಬ್ಬ ಸಿನಿಮಾ ನಟಿಯ ದನಿ. ನನ್ನನ್ನು ಗುಂಪಿನ ದನಿಗೆ "ಬೇಕಾದ್ರೆ" ಕರೆಯುತ್ತಾರಂತೆ. ಬೇಕಾದರೆ! ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಹೇಳಲಿಲ್ಲ. ನಮ್ಮ ಯಜಮಾನರಿಗೂ ಹೇಳಲಿಲ್ಲ.

ಮಾರ್ಚ್ 27

ಸ್ಟುಡಿಯೋಗೆ ಅಂತ ಹೊರಡುವುದು, ಪಾರ್ಕಿನ ಬೆಂಚು ಕಾಯುವುದು. ಗುಂಪಿನ ದನಿಗೂ ಕರೆ ಇಲ್ಲ. ರಾಣಿ ನನ್ನವಳು. ನನಗೆ ಅವಳು ವಾಪಸ್ ಬೇಕು. ಅಷ್ಟೇ.

ಏಪ್ರಿಲ್ 1, ಸೋಮವಾರ

ಹೊಸ ದನಿ ಇವತ್ತು ಶುರು. ಅತ್ತೆಯ ಪಕ್ಕ ಮುದುಡಿ ಕೂತಿದ್ದೆ. ರಾಣಿ ಬಾಯಿ ತೆರೆದಳು. ಸಕ್ಕರೆ ಪಾಕ. ಅತ್ತೆ ರಿಮೋಟ್ ಎತ್ತಿ ಟಿವಿ ಆರಿಸಿಬಿಟ್ಟರು.

"ಇವಳು ರಾಣಿ ಅಲ್ಲ."

"ಅದೇ ಮುಖ ಅಲ್ವಾ ಅತ್ತೆ..."

"ಮುಖ ಕಟ್ಕೊಂಡು ಏನಾಗ್ಬೇಕು?" ನನ್ನ ಕಡೆ ತಿರುಗಿದರು. "ಯಾವತ್ತು ತೆಗೆದ್ರು ನಿನ್ನ?"

ಎಲ್ಲ ಹೇಳಿದೆ. ಬೆಂಚಿನ ವಿಷಯವನ್ನೂ. ಬೈಗುಳಕ್ಕೆ ಕಾದೆ. "ಹೂಂ," ಅಂದರು. ಎದ್ದು ತಮ್ಮ ಕೋಣೆಗೆ ಹೋದರು.

ಏಪ್ರಿಲ್ 4

ಜನ ಬಿಡುತ್ತಿಲ್ಲ!

"ರಾಣಿಗೆ ನೆಗಡಿನಾ?"

"ನಮ್ ರಾಣೀನ ಯಾರೋ ಬಚ್ಚಿಟ್ಟಿದಾರೆ. ಪ್ರಧಾನಿ ಮೇಲೇ ಅನುಮಾನ."

"ಇವಳು ಮಗನಿಗೆ ಊಟ ಹಾಕೋಳಲ್ಲ, ಮೆನು ಕಾರ್ಡ್ ಕೊಡೋಳು."

ಕೊನೆಯದನ್ನು ಓದಿ ಅಡುಗೆಮನೆಯಲ್ಲಿ ಕುಣಿದೆ. ಹೊಸಬಳ ಮೇಲೆ ಪಾಪ ಅನ್ನಿಸಿತೇ? ಅನ್ನಿಸಿತು. ಆಮೇಲೆ ಇನ್ನೊಮ್ಮೆ ಓದಿದೆ.

ಏಪ್ರಿಲ್ 11

ಮ್ಯಾಡಂ ಫೋನು. "ನಾಳೆಯಿಂದ ಬರ್ತೀರಾ? ರಾಣಿಗೆ ನೀವೇ ಬೇಕಂತೆ ಎಲ್ರಿಗೂ."

"ನೋಡ್ತೀನಿ," ಅಂದೆ, ಗತ್ತಿನಿಂದ. ಕಾಲು ಆಗಲೇ ಹೊಸ ಚಪ್ಪಲಿ ಹುಡುಕುತ್ತಿತ್ತು, ಅವರಿಗೇನು ಕಾಣುತ್ತದೆಯೇ! ಊಟದ ಆ ಮಾತು ಹಾಗೇ ಇರಲಿ ಎಂದು ಕಂಪನಿಯವರೂ ಒಪ್ಪಿದ್ದಾರಂತೆ. "ಹಾಗಾದ್ರೆ ಟೈಟಲ್ಲಿನಲ್ಲಿ ನನ್ನ ಹೆಸರೂ ಬರಬೇಕು," ಅಂದೆ. ಎಲ್ಲಿಂದ ಬಂತೋ ಧೈರ್ಯ. ಆಗಲಿ ಅಂದರು. ಗೆದ್ದೆ!

ಅತ್ತೆಗೆ ಹೇಳಿದೆ. "ಸರಿ," ಅಂದರು. ಅಷ್ಟೇ. ಕಲ್ಲು.

ಏಪ್ರಿಲ್ 12, ಸಂಜೆ

ಒಂದೇ ಟೇಕಿಗೆ ಎಲ್ಲ ಓಕೆ. ಹೆಡ್‌ಫೋನ್ ಗಾಜಿನ ಆಚೆಯಿಂದ ಎದ್ದು ನಿಂತು ಸೆಲ್ಯೂಟ್ ಹೊಡೆದ.

ಮುಗಿದ ಮೇಲೆ ಮ್ಯಾಡಂ ತಮ್ಮ ರೂಮಿಗೆ ಕರೆದರು. ವೀಕ್ಷಕರ ಲೈನಿಗೆ ಬಂದ ಕರೆಗಳನ್ನು ಕೇಳಿಸಿದರು. ಬೈಗುಳ, ಅಳು, ಒಬ್ಬನ ಹಾಡು. ಆಮೇಲೆ ಒಂದು ಒಣ ದನಿ.

"ನಾನು ರಾಣಿಯ ಅತ್ತೆ ಮಾತಾಡ್ತಿರೋದು. ಅವಳು ಎಲ್ಲೂ ಕಳೆದುಹೋಗಿಲ್ಲ, ನಮ್ಮನೇಲೇ ಇದಾಳೆ. ಈಗ ಬಟ್ಟೆ ಒಣಹಾಕ್ತಿದಾಳೆ. ಮನೇಲಿ ಈಗ ಮಾತೇ ಆಡ್ತಿಲ್ಲ ಅವಳು. ನನಗೆ ನೋಡಕ್ಕಾಗ್ತಿಲ್ಲ. ಬೇಗ ಕರೆಸ್ಕೊಳ್ಳಿ."

"ದಿನಾ ಫೋನ್ ಮಾಡ್ತಿದ್ರು," ಮ್ಯಾಡಂ ನಕ್ಕರು. "ಯಾರೋ ತಮಾಷೆ ಅಜ್ಜಿ."

ನನಗೆ ನಗು ಬರಲಿಲ್ಲ. ಆ ಮೆತ್ತನೆ ಕುರ್ಚಿಯಲ್ಲಿ ಕೂತು ಗಳಗಳ ಅತ್ತುಬಿಟ್ಟೆ. ಮದುವೆಯಾಗಿ ಬಂದಾಗಿನಿಂದ ಒಂದು ಒಳ್ಳೆಯ ಮಾತಿಗೆ ಕಾದಿದ್ದೆನಲ್ಲ, ಆಡಿದ್ದಾರೆ. ಊರಿಗೆಲ್ಲ ಆಡಿದ್ದಾರೆ, ನನ್ನೊಬ್ಬಳನ್ನು ಬಿಟ್ಟು.

ಈಗ ಹಜಾರದಲ್ಲಿ ಕೂತಿದ್ದಾರೆ, ಏನೂ ಗೊತ್ತಿಲ್ಲದವರ ಹಾಗೆ. ಕೇಳಲೇ? ಕೇಳಿದರೆ ಒಪ್ಪುವ ಪೈಕಿಯಲ್ಲ. ಸುಮ್ಮನೆ ಹೋಗಿ ಪಕ್ಕ ಕೂರುತ್ತೇನೆ. ಕೈ ಹಿಡಿದುಕೊಂಡರೆ ಬಿಡಿಸಿಕೊಳ್ಳುತ್ತಾರೇನೋ... ಬಿಡಿಸಿಕೊಳ್ಳಲಿ, ಮತ್ತೆ ಹಿಡಿಯುತ್ತೇನೆ.

ಕರೆಯುತ್ತಿದ್ದಾರೆ. ಏನಂತ ಕರೆದರು? "ರಾಣೀ, ಎಲ್ಲಿದೀಯೇ?" ಅಂತಲೇ?

ಇನ್ನೊಮ್ಮೆ ಕರೆಯಲಿ. ಸರಿಯಾಗಿ ಕೇಳಿಸಲಿಲ್ಲ.

ಹೌದು. ಹಾಗೇ ಅಂದರು. ಬಂದೆ ಅತ್ತೆ, ಬಂ—