ಪರದೆಯ ತೂತಿನಿಂದ ಕಂಡವರು

ಮುಂದಿನ ಸಾಲಿನ ಮಹನೀಯರೇ, ಚಾಪೆ ಹಾಸಿ ಕುಳಿತ ತಾಯಂದಿರೇ, ಮಾವಿನ ಮರ ಹತ್ತಿದ ಮಕ್ಕಳೇ!

ಬಟ್ಯಾ, ನಮ್ಮ ನಾಟಕದ ಹಾಗೆ ಈ ಪತ್ರವನ್ನೂ ಹೀಗೆಯೇ ಶುರು ಮಾಡಿದೆ. ಪರದೆ ಎಳೆಯಲು ಮಾತ್ರ ನೀನಿಲ್ಲ.

ನಾಟಕಕ್ಕೆ ಮುಂಚೆ ನೀನು ಪರದೆಯ ತೂತಿಗೆ ಕಣ್ಣಿಡುತ್ತಿದ್ದೆ. ನಾನು ಮೀಸೆ ಅಂಟಿಸುತ್ತಾ, "ಎಷ್ಟು ಜನ ಉಂಟು ಮಾರಾಯ?" ಎಂದು ಕೇಳುತ್ತಿದ್ದೆ. ನೀನು ಒಮ್ಮೆಯೂ ಲೆಕ್ಕ ಹೇಳಿದವನಲ್ಲ. "ಮೀನಿನ ಐಸಮ್ಮ ಉಂಟು, ಟೈಲರ್ ಯೋಗೀಶ ಉಂಟು, ನಿನ್ನ ಮಾವ ತಲೆದಿಂಬು ಸಮೇತ ಬಂದಿದ್ದಾರೆ. ಸಾಕಾ?"

ಕೋವಿಡ್ ನಿನ್ನನ್ನು ಒಯ್ದ ಮರುದಿನ ಟಿವಿಯಲ್ಲಿ ಜಿಲ್ಲೆ ಜಿಲ್ಲೆಯ ಸಾವು ಓದಿದರು. ಕಾಸರಗೋಡು, ಒಂದು. ನಾಯ್ಮಾರ್ಮೂಲೆಯ ಚಹಾದಂಗಡಿಯೆದುರು ಯಾರೋ ಮಾಸ್ಕಿನೊಳಗಿಂದಲೇ, "ಒಂದೇ ಅಲ್ವಾ, ಅಡ್ಡಿಲ್ಲ" ಎಂದರು. ಮೈಕಿಲ್ಲದೆ ಇಡೀ ಮೈದಾನಕ್ಕೆ ಕೇಳಿಸುತ್ತಿದ್ದ ಗಂಟಲಿನ ನಾನು ಮಾಸ್ಕು ಮೇಲೆಳೆದುಕೊಂಡು ಮನೆಗೆ ನಡೆದೆ.

ಇವತ್ತು ಸಂಜೆ ಅದೇ ಅಂಗಡಿಯೆದುರು ನಿಂತಿದ್ದೆ. ಟಿವಿಯಲ್ಲಿ ಕಾಸರಗೋಡು, ಸೊನ್ನೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಚಪ್ಪಾಳೆ ಕೇಳಿದೊಡನೆ ಹಳೆಯ ಅಭ್ಯಾಸದಂತೆ, ಪರದೆಯ ಹಗ್ಗ ಹಿಡಿದು ನೀನು ನಿಲ್ಲುತ್ತಿದ್ದ ಬದಿಗೆ ತಿರುಗಿದೆ. ಅಲ್ಲಿ ಖಾಲಿ ಹಾಲಿನ ಕ್ರೇಟು ಇತ್ತು.

ನಾಳೆ ಬೆಳಿಗ್ಗೆ ಆ ಅಂಗಡಿಯ ಬೆಂಚು ಹತ್ತಿ ನಿಂತು, ಅಂದಿನ ಆ ಒಂದು ಯಾರೆಂದು ಮೈಕಿಲ್ಲದೆ ಹೇಳುತ್ತೇನೆ.